ಫ್ಯಾಟಿಗೆ ತಕ್ಕ ಓಟು

ಹೊಂಗೆದೊಡ್ಡಿಯ ಕೆಂಪರಾಜು ಪ್ರಜಾಪ್ರಭುತ್ವವನ್ನು ಕೈಬಿಟ್ಟದ್ದು ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ. ಅಲ್ಲಿಯವರೆಗೆ ಐವತ್ನಾಲ್ಕು ವರ್ಷ ಅವನಿಗೂ ಪ್ರಜಾಪ್ರಭುತ್ವಕ್ಕೂ ಯಾವ ತಕರಾರೂ ಇರಲಿಲ್ಲ. ಚುನಾವಣೆ ಬಂದಾಗಲೆಲ್ಲ ಇಸ್ತ್ರಿ ಮಾಡಿದ ಶರಟು ತೊಟ್ಟು ಎಲ್ಲರಿಗಿಂತ ಮೊದಲು ಹೋಗಿ ನಿಲ್ಲುತ್ತಿದ್ದ. ಬೆರಳಿಗೆ ಬಿದ್ದ ಶಾಯಿ ಅಳಿಸೀತೆಂದು ನಾಲ್ಕು ದಿನ ಎಡಗೈಯನ್ನು ನೀರಿಗೆ ತಾಕಿಸುತ್ತಿರಲಿಲ್ಲ. ಅಂಥವನು ಒಂದೇ ಬೆಳಗಿನಲ್ಲಿ ತಿರುಗಿಬಿದ್ದನೆಂದರೆ ಕಾರಣ ಸಣ್ಣದಾಗಿರಲಾರದು ಎಂದು ನೀವು ಅಂದುಕೊಳ್ಳಬಹುದು. ಕಾರಣ ಹಾಲಿನ ಡೈರಿ.

ಆ ದಿನ ಡೈರಿ ಮುಂದಿನ ಅರಳಿಕಟ್ಟೆಯಲ್ಲಿ ಹಾಲು ಉತ್ಪಾದಕರ ಸಂಘದ ಸಭೆ. ಬಾಡಿಗೆ ಕೊಠಡಿಯಲ್ಲಿ ನಡೆಯುತ್ತಿದ್ದ ಡೈರಿಗೆ ಸ್ವಂತ ಕಟ್ಟಡ ಮಂಜೂರಾಗಿತ್ತು. ಎಲ್ಲಿ ಕಟ್ಟಬೇಕು ಎಂಬುದೊಂದೇ ಪ್ರಶ್ನೆ. ಈಗಿರುವ ಮೇಲ್ಬೀದಿಯಲ್ಲೇ ಕಟ್ಟಬಹುದು. ಇಲ್ಲವೇ ಕೆಳಬೀದಿಯಲ್ಲಿ, ಕೆಂಪರಾಜು ಪುಕ್ಕಟೆಯಾಗಿ ಕೊಡುತ್ತೇನೆಂದು ಎದೆ ತಟ್ಟಿ ಹೇಳಿದ್ದ, ಅವನ ಹಿತ್ತಿಲಿಗೆ ಅಂಟಿದ ಎರಡು ಗುಂಟೆಯಲ್ಲಿ ಕಟ್ಟಬಹುದು. ಪುಕ್ಕಟೆ ಜಾಗವನ್ನು ಬೇಡ ಎನ್ನುವ ಊರು ಭೂಮಿಯ ಮೇಲೆ ಇರಲಿಕ್ಕಿಲ್ಲ ಎಂಬ ಧೈರ್ಯದಲ್ಲಿ ಅವನು ಹಾರ ಹಾಕಿಸಿಕೊಳ್ಳಲು ಕತ್ತನ್ನು ಚೆನ್ನಾಗಿ ತೊಳೆದುಕೊಂಡೇ ಬಂದಿದ್ದ.

ಸಂಘದ ಅಧ್ಯಕ್ಷ ತಿಮ್ಮಯ್ಯ ಕೈ ಎತ್ತಿಸಿದ. ಕಾರ್ಯದರ್ಶಿ ಅಶ್ವಥ್ ಎಣಿಸಿದ.

"ಕೆಳಬೀದಿಗೆ ಮೂವತ್ತೊಂದು. ಮೇಲ್ಬೀದಿಗೆ ಮೂವತ್ತೊಂಬತ್ತು."

"ಮೆಜಾರಿಟಿ ಮೇಲ್ಬೀದಿಗಾಯ್ತು," ಎಂದ ತಿಮ್ಮಯ್ಯ. "ಮುಂದಿನ ಮಂಗಳವಾರ ಕನಕಪುರದಿಂದ ಆಫೀಸರ್ ಬಂದು ಬರ್ಕೋತಾರೆ. ಎಲ್ರೂ ಬೋಂಡ ತಿನ್ಕಂಡು ಹೋಗಿ."

ಕೆಂಪರಾಜು ಎತ್ತಿದ ಕೈಯನ್ನು ಇಳಿಸಲಿಲ್ಲ. ಇಳಿಸಬೇಕೆಂಬುದೇ ಅವನಿಗೆ ಹೊಳೆಯಲಿಲ್ಲ. ಬೋಂಡ ಹಂಚುತ್ತಿದ್ದವನು ಅವನಿಗೆ ಇನ್ನೊಂದು ಬೇಕೇನೋ ಎಂದು ಎರಡೆರಡು ಸಲ ಇಟ್ಟುಹೋದ.

ಅವನ ಆಘಾತಕ್ಕೆ ಕಾರಣವಿತ್ತು. ಹದಿನೈದು ದಿನದ ಹಿಂದೆ ಹೆಂಡತಿ ಅಂಬುಜಮ್ಮ ಬೆಳಗಿನ ಹಾಲು ಹಾಕಿ ಬಂದವಳು ಖಾಲಿ ಕ್ಯಾನನ್ನು ಜಗಲಿಯ ಮೇಲೆ ದಡಾರನೆ ಇಟ್ಟು, ಮಂಡಿ ಹಿಡಿದುಕೊಂಡು ಕೂತು ಹೇಳಿದ್ದಳು: "ಈ ಮಂಡೀಲಿ ಇನ್ ನನ್ ಕೈಲಿ ಈ ಕ್ಯಾನು ಹೊರಕ್ಕಾಗಕಿಲ್ಲ. ಗೌರಿ ಹಬ್ಬದ ತಂಕ ನೋಡ್ತೀನಿ. ಆಮೇಲೆ ಎರಡೂ ಹಸ ಮಾರ್ಬುಟ್ಟು ಚನ್ನಪಟ್ಟಣಕ್ಕೆ ಮಗಳ ಮನೆಗೆ ಹೋಯ್ತೀನಿ. ನೀವೂ ನಿಮ್ ಪೇಪರೂ ಚೆನ್ನಾಗಿರಿ."

ಅಂಬುಜಮ್ಮ ವರ್ಷಕ್ಕೊಂದು ಸಲ ಮಾತ್ರ ಹೀಗೆ ಮಾತಾಡುವವಳು, ಮಾತಾಡಿದ್ದನ್ನು ಮಾಡುವವಳು. ಹಸು ಹೋದರೆ ಕೆಂಪರಾಜು ತಡೆದುಕೊಂಡಾನು. ಅಂಬುಜಮ್ಮ ಹೋದರೆ ಮುದ್ದೆ ತಿರುವುವವರು ಯಾರು, ಅವನ ಕನ್ನಡಕ ಎಲ್ಲಿದೆಯೆಂದು ಹೇಳುವವರು ಯಾರು? ಮನೆಗೆ ಅವಳು ಬೇಕು. ಅದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಆ ವಂಶದಲ್ಲಿ ಯಾರಿಗೂ ಇರಲಿಲ್ಲ. ಆದ್ದರಿಂದ ಅವನು ಎರಡು ಗುಂಟೆ ಜಮೀನು ದಾನ ಮಾಡಲು ಹೊರಟಿದ್ದ. ಏರು ಹತ್ತಿ ಅವಳು ಡೈರಿಗೆ ಹೋಗುವ ಬದಲು ಡೈರಿಯೇ ಹಿತ್ತಿಲಿಗೆ ಇಳಿದು ಬರಲಿ ಎಂಬುದು ಅವನ ಲೆಕ್ಕಾಚಾರ. ಅದಕ್ಕೆ ಎಂಟು ಕೈ ಅಡ್ಡ ಬಂದಿದ್ದವು.

"ಇದೆಂತಾ ನ್ಯಾಯ ಹೇಳು ಮುನಿರಾಮಣ್ಣ!" ಎಂದು ಅವನು ಟೀ ಅಂಗಡಿಯಲ್ಲಿ ಬೆಂಚು ಗುದ್ದಿದ. ಮುನಿರಾಮಯ್ಯ ಪಕ್ಕದ ಮನೆಯವನು, ಪೋಸ್ಟ್‌ಮ್ಯಾನ್ ಆಗಿ ನಿವೃತ್ತನಾದವನು. ಏನು ಹೇಳಿದರೂ ಮೊದಲು ಹೌದೆಂದು ಒಪ್ಪಿಕೊಂಡು, ಆಮೇಲೆ ಒಂದು ಪ್ರಶ್ನೆ ಕೇಳಿ ಎಲ್ಲ ಕೆಡಿಸುವುದು ಅವನ ಸ್ವಭಾವ. "ತಲೆ ಎಣಿಸಿದ್ರೆ ಆಯ್ತಾ? ತಲೆ ಒಳಗೆ ಏನೈತೆ ಅಂತ ನೋಡ್ಬ್ಯಾಡ್ವಾ? ವಯಸ್ಸಿಗೆ ತಕ್ಕಂಗೆ ಓಟು ಕೊಡ್ಬೇಕು ಕಣಣ್ಣ."

"ನಿಜ ಕಣ್ಲಾ," ಎಂದ ಎಪ್ಪತ್ತೊಂದರ ಮುನಿರಾಮಯ್ಯ ಖುಷಿಯಾಗಿ. ಒಂದು ಗುಟುಕು ಕುಡಿದು ಕೇಳಿದ: "ಆದ್ರೆ ಮುದುಕ್ರೆಲ್ಲ ಮೇಲ್ಬೀದೀಲೇ ಅವ್ರಲ್ಲಾ? ತಿಮ್ಮಯ್ಯನ ತಾಯಿ ಒಬ್ಬಳಿಗೇ ತೊಂಬತ್ತಾರು."

ವಯಸ್ಸು ಅಲ್ಲಿಗೆ ಬಿತ್ತು. ಚೀಟಿ ಎತ್ತಿಸಿದರೆ ಹೇಗೆಂದು ಅಲ್ಲೇ ಎರಡು ಚೀಟಿ ಬರೆದು ಸಕ್ಕರೆ ಡಬ್ಬಿಯಲ್ಲಿ ಕುಲುಕಿ ಮೂರು ಸಲ ಎತ್ತಿ ನೋಡಿದರು. ಮೂರು ಸಲವೂ ಮೇಲ್ಬೀದಿ ಬಂತು. ಮರುದಿನ ಕೆಂಪರಾಜು ಮಾರಮ್ಮನ ಗುಡಿಗೆ ಹೋಗಿ, ಬಲಗಡೆ ಹೂವು ಬಿದ್ದರೆ ಕೆಳಬೀದಿ, ಎಡಗಡೆ ಬಿದ್ದರೆ ಮೇಲ್ಬೀದಿ ಎಂದು ಕೈಮುಗಿದು ನಿಂತ. ಅವನ ಕೋರಿಕೆ ಮುಗಿಯುವ ಮೊದಲೇ ಎಡಗಡೆಯ ಕಣಗಲೆ ಹೂವು ಕೆಳಗೆ ಬಿತ್ತು. ಇಷ್ಟು ಅವಸರದ ತೀರ್ಪು ಕಂಡು ಅವನು ಬೆಚ್ಚಿದ. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಗುಡಿಯೂ ಮೇಲ್ಬೀದಿಯಲ್ಲೇ ಇರುವುದು ಅವನ ಗಮನಕ್ಕೆ ಬಂತು.

ದೇವರೂ ಕೈಬಿಟ್ಟ ಆ ಸಂಜೆ ಅವನಿಗೆ ಜ್ಞಾನೋದಯವಾಯಿತು. ಅಂಬುಜಮ್ಮ ಡೈರಿಯಿಂದ ಬಂದು ಮಂಡಿಗೆ ಎಣ್ಣೆ ಉಜ್ಜಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಹಾಲಿನ ಚೀಟಿ ಬಿದ್ದಿತ್ತು. ಹಾಲಿನ ಕೊಬ್ಬು ಅಳೆಯುವ ಡೈರಿಯ ಮಿಷನ್ನು ದಿನಕ್ಕೆರಡು ಸಲ ಕೊಡುವ ಚೀಟಿ ಅದು: ಇಷ್ಟು ಲೀಟರು, ಫ್ಯಾಟು 3.4.

ಕೆಂಪರಾಜು ಚೀಟಿಯನ್ನು ಕೈಯಲ್ಲಿ ಹಿಡಿದು ಎದ್ದು ನಿಂತ. ಕಣ್ಣು ಅಗಲವಾಯಿತು.

"ಏನಾಯ್ತು?" ಎಂದಳು ಅಂಬುಜಮ್ಮ ಗಾಬರಿಯಿಂದ. "ಹಾಲು ಒಡೆದೋಗೈತಾ?"

"ಒಡೆದಿರೋದು ಹಾಲಲ್ಲ ಕಣಮ್ಮಿ, ಪ್ರಜಾಪ್ರಭುತ್ವ!" ಎಂದವನೇ ಚಪ್ಪಲಿಯನ್ನೂ ಹಾಕದೆ ಡೈರಿಯತ್ತ ಓಡಿದ.

ಡೈರಿಯಲ್ಲಿ ತಿಮ್ಮಯ್ಯ, ಅಶ್ವಥ್, ಹಾಲು ಹಾಕಲು ಬಂದವರು, ಹರಟೆಗೆ ಬಂದವರು ಸೇರಿ ಮೂವತ್ತು ನಲವತ್ತು ಜನ ಇದ್ದರು. ಕೆಂಪರಾಜು ಏದುಸಿರು ಬಿಡುತ್ತ ಚೀಟಿ ಎತ್ತಿ ತೋರಿಸಿದ. "ಅಶ್ವಥ, ಎಲ್ರ ಹಾಲ್ನೂ ಒಂದೇ ರೇಟಿಗೆ ತಕೋತೀಯಾ?"

"ಅದೆಂಗಾಯ್ತದೆ ಕೆಂಪರಾಜಣ್ಣ? ಫ್ಯಾಟು ನೋಡ್ಬೇಕಲ್ಲ."

"ಹಾಲು ಒಂದೇ ಅಲ್ಲ ಅಂದ್ಮೇಲೆ ಹಾಲು ಹಾಕೋರು ಎಂಗ್ಲಾ ಒಂದೇ ಆದ್ರು? ಮೂರು ಫ್ಯಾಟಿನೋನಿಗೆ ಮೂರು ಓಟು, ನಾಕು ಫ್ಯಾಟಿನೋನಿಗೆ ನಾಕು ಓಟು. ಡೈರಿ ಯಾರ ಹಾಲಿಂದ ನಡೀತದೋ ಅವ್ರ ಮಾತು ನಡೀಬೇಕು!"

ತಿಮ್ಮಯ್ಯ ಹೊಟ್ಟೆ ಕುಲುಕಿಸಿ ನಕ್ಕ. ಆಗ ಕೆಂಪರಾಜು ಸೇರಿಸಿದ, "ಇದು ಬ್ಯಾಡ ಅನ್ನೋರು ಕೈ ಎತ್ತಿ. ಯಾರ ಹಾಲಲ್ಲಿ ನೀರೈತೆ ಅಂತ ಊರಿಗೆ ಗೊತ್ತಾಗ್ಲಿ."

ತಿಮ್ಮಯ್ಯನ ನಗು ಅರ್ಧಕ್ಕೇ ನಿಂತಿತು. ಅವನ ಮನೆಯಲ್ಲಿ ನಾಲ್ಕು ಸೀಮೆಹಸು. ತನ್ನ ಹಾಲಿನಲ್ಲಿ ಚಮಚ ನಿಲ್ಲುತ್ತದೆ ಎಂದು ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದವನು ಅವನು. ಬೇರೆಯವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ಕೈಯೂ ಮೇಲೇಳಲಿಲ್ಲ. ಹೀಗೆ ಹೊಂಗೆದೊಡ್ಡಿಯಲ್ಲಿ ಬಹುಮತದ ಪದ್ಧತಿ ಸರ್ವಾನುಮತದಿಂದ ರದ್ದಾಯಿತು.

ಅಶ್ವಥ್ ಒಂದು ಷರತ್ತು ಬರೆದುಕೊಂಡ. "ಒಬ್ರ ಹಾಲು ಇನ್ನೊಬ್ರು ತಂದು ಫ್ಯಾಟು ಜಾಸ್ತಿ ಮಾಡ್ಕೋಬಾರ್ದು. ಯಾರು ದಿನಾ ಹಾಲು ತಂದು ಹಾಕ್ತಾರೋ ಅವ್ರದೇ ಓಟು. ಆಯ್ತಾ?"

"ಆಯ್ತಾಯ್ತು, ಬರ್ಕೋ," ಎಂದ ಕೆಂಪರಾಜು. ಚಳವಳಿಗಾರರು ಸಣ್ಣ ಅಕ್ಷರ ಓದುವುದಿಲ್ಲ.

ಆ ಕ್ಷಣದವರೆಗೂ ಯಾರ ಗಮನಕ್ಕೂ ಬಾರದ ಒಂದು ಸಂಗತಿ ಮರುದಿನ ಬೆಳಿಗ್ಗೆ ಊರಿಗೆಲ್ಲ ಒಟ್ಟಿಗೆ ಹೊಳೆಯಿತು. ಕೆಳಬೀದಿಯ ಕೊನೆ ಮನೆಯ ಖತೀಜಾಬಿಗೆ ಹಸು ಇಲ್ಲ, ಎಮ್ಮೆ ಇದೆ. ಊರಿಗೆಲ್ಲ ಅದೊಂದೇ ಎಮ್ಮೆ, ಅದರ ಫ್ಯಾಟು ಏಳು. ನಾಲ್ಕು ಸೀಮೆಹಸುವಿನ ಅಧ್ಯಕ್ಷನಿಗೆ ಹೆಚ್ಚೆಂದರೆ ಮೂರೂವರೆ ಓಟಾದರೆ, ಇದುವರೆಗೆ ಸಭೆಯಲ್ಲಿ ಹಿಂದುಗಡೆ ನಿಲ್ಲುತ್ತಿದ್ದ ವಿಧವೆಗೆ ಏಳು ಓಟು! ಬೆಳಿಗ್ಗೆ ಒಂಬತ್ತಕ್ಕೆ ತಿಮ್ಮಯ್ಯ ಅವಳ ಎಮ್ಮೆಗೆ ಒಂದು ಹೊರೆ ಹಸಿಹುಲ್ಲು ತಂದು ಹಾಕಿದ. ಒಂಬತ್ತೂಕಾಲಿಗೆ ಕೆಂಪರಾಜು ಹತ್ತಿಬೀಜದ ಹಿಂಡಿ ತಂದ. ಇಬ್ಬರೂ ಎಮ್ಮೆಯ ಮುಂದೆ ಮುಖಾಮುಖಿಯಾಗಿ ದಂಗಾಗಿ ನಿಂತರು.

"ನಿಮ್ಗೇನಾಗೈತೆ ಅಣ್ಣಾ?" ಎಂದಳು ಖತೀಜಾಬಿ. "ಹೋದ ವರ್ಷ ಈ ಎಮ್ಮೆ ನಿಮ್ ಗದ್ದೆ ಬದಿಗೆ ಬಂತು ಅಂತ ಇಬ್ರೂ ದೊಣ್ಣೆ ತಕೊಂಡು ಓಡಿಸ್ಕೊಂಡು ಬಂದಿದ್ರಿ. ಈಗ ಯಾಕೆ ಕೈ ಮುಗೀತಾ ಇದ್ದೀರಿ?"

ಮೂರು ದಿನದಲ್ಲಿ ಊರಲ್ಲಿದ್ದ ಒಂದು ಎಮ್ಮೆ ಆರಾಯಿತು. ಕೋಡಿಹಳ್ಳಿಯ ಭಾವಮೈದ, ಸಾತನೂರಿನ ಷಡ್ಡಕ, ಮದುವೆ ಮುರಿದುಹೋದ ಬೀಗರು, ಯಾರ ಮನೆಯಲ್ಲಿ ಎಮ್ಮೆ ಇದೆಯೋ ಅವರೆಲ್ಲ ಹತ್ತಿರದ ನೆಂಟರಾದರು. ಕೆಂಪರಾಜು ಉಯ್ಯಂಬಳ್ಳಿಯ ತನ್ನ ಬಾಮೈದನಿಗೆ ಫೋನು ಮಾಡಿ, ಒಂದು ವಾರದ ಮಟ್ಟಿಗೆ ಎಮ್ಮೆ ಕೇಳಿದ. ಅದು ಗೂಡ್ಸ್ ಆಟೋದಲ್ಲಿ ಹಿಂದಕ್ಕೆ ಮುಖ ಮಾಡಿ ನಿಂತು, ಬಿಟ್ಟುಬಂದ ಊರನ್ನೇ ನೋಡುತ್ತ ಹೊಂಗೆದೊಡ್ಡಿಗೆ ಬಂದಿಳಿಯಿತು.

"ಇದ್ಯಾಕೆ?" ಎಂದು ಅಂಬುಜಮ್ಮ ಕೇಳಿದಳು.

"ಎಲ್ಲಾ ನಿನ್ ಮಂಡಿಗೋಸ್ಕರ ಕಣಮ್ಮಿ!"

"ಇದ್ರ ಸಗಣಿ ಯಾರು ಬಾಚೋದು? ಹುಲ್ಲು ಯಾರು ಹಾಕೋದು?"

"ನೀನೇಯ. ಒಂದು ವಾರ ಅಷ್ಟೇಯ."

ಅಂಬುಜಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಹೋದಳು. ಅವಳು ಏನೂ ಅನ್ನದಿದ್ದದ್ದನ್ನು ಅವನು ಮೆಚ್ಚುಗೆ ಎಂದು ತಿಳಿದ.

ಎಮ್ಮೆ ಎರಡು ದಿನ ಒಂದು ತೊಟ್ಟು ಹಾಲು ಬಿಡಲಿಲ್ಲ. ಬಾಮೈದ ಫೋನಿನಲ್ಲಿ, "ಭಾವ, ಅದಕ್ಕೆ ನಮ್ಮನೆಯವಳ ಸೀರೆ ವಾಸ್ನೆ ಇರ್ಬೇಕು. ಬಸ್ಸಲ್ಲಿ ಕಳಿಸ್ತೀನಿ," ಎಂದ. ಶನಿವಾರ ಸೀರೆ ಬಂತು. ಅಂಬುಜಮ್ಮ ಹೊಲಕ್ಕೆ ಹೋಗಿದ್ದಳು. ಕಾಯುವ ತಾಳ್ಮೆಯಿಲ್ಲದ ಕೆಂಪರಾಜು ಪಂಚೆಯ ಮೇಲೆ ಸೀರೆ ಸುತ್ತಿ, ತಲೆಯ ತುಂಬ ಸೆರಗು ಹೊದ್ದು, ಚೊಂಬು ಹಿಡಿದು ಎಮ್ಮೆಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಅದೇ ಹೊತ್ತಿಗೆ ಮುನಿರಾಮಯ್ಯ ಪೇಪರು ಕೇಳಿಕೊಂಡು ಹಿತ್ತಿಲಿಗೆ ಬಂದ.

"ಅಮ್ಮಯ್ಯ, ಕೆಂಪರಾಜು ಅವ್ನಾ?" ಎಂದು ಗೌರವದಿಂದ ಕೇಳಿದ.

ಸೆರಗಿನೊಳಗಿನಿಂದ ಮೀಸೆ ತಿರುಗಿತು. "ಇಲ್ಲೇ ಅವ್ನೆ, ಏನಣ್ಣಾ?"

ಮುನಿರಾಮಯ್ಯ ಮೂವತ್ತೈದು ವರ್ಷದ ನೌಕರಿಯಲ್ಲಿ ತಂತಿ ಸುದ್ದಿಗಳನ್ನೂ ಸಾವಿನ ಕಾಗದಗಳನ್ನೂ ನಡುಗದೆ ತಲುಪಿಸಿದವನು. ಅವನು "ಅಯ್ಯಯ್ಯೋ" ಎಂದು ಕೂಗಿಕೊಂಡು ಬೇಲಿ ಹಾರಿದ. ಆ ಕೂಗಿಗೆ ಎಮ್ಮೆ ಒದೆಯಿತು. ಚೊಂಬು ಒಂದು ಕಡೆ, ಕೆಂಪರಾಜು ಸಗಣಿಗುಂಡಿಯ ಕಡೆ. ಹೊಲದಿಂದ ಬಂದ ಅಂಬುಜಮ್ಮ ಅವನನ್ನು ಎಬ್ಬಿಸುವ ಮೊದಲು ಸೀರೆ ಬಿಚ್ಚಿಸಿಕೊಂಡಳು. ಹೆಗಲಿಗೆ ಹಾಕಿಕೊಂಡು, ಎಮ್ಮೆಯ ಬೆನ್ನು ಸವರಿ, "ಬಂದ್ ಊರಲ್ಲಿ ನಿಂಗೂ ಕಷ್ಟ, ಅಲ್ವೇನವ್ವಾ," ಎಂದು ಏನೋ ಗುನುಗುತ್ತ ಮೂರು ಲೀಟರು ಕರೆದಳು. ಕೆಂಪರಾಜು ಸಗಣಿಗುಂಡಿಯಿಂದಲೇ ಲೆಕ್ಕ ಹಾಕಿದ. ಫ್ಯಾಟು ಏಳಕ್ಕೆ ಮೇಲೇ ಇದ್ದೀತು. ಗೆದ್ದೆ!

ಮಂಗಳವಾರ ಬಂತು. ಕನಕಪುರದಿಂದ ಬಂದ ಹಾಲು ಒಕ್ಕೂಟದ ವಿಸ್ತರಣಾಧಿಕಾರಿ ಮಧುಕುಮಾರ್ ಬೈಕಿನಿಂದ ಇಳಿಯುವಾಗಲೇ ಗಾಬರಿಯಾದರು. ಕಟ್ಟೆಯ ಸುತ್ತ ಆರು ಎಮ್ಮೆ ಕಟ್ಟಿದ್ದವು. ಒಂದರ ಕೊಂಬಿಗೆ ಚೆಂಡು ಹೂವು.

"ಏನ್ರೀ ಇದು, ದನದ ಜಾತ್ರೆನಾ?"

ತಿಮ್ಮಯ್ಯ ವಿವರಿಸಿದ. ಅಧಿಕಾರಿಯ ಬಾಯಿ ತೆರೆದದ್ದು ಮುಚ್ಚಲಿಲ್ಲ. "ಬೈಲಾ ಪ್ರಕಾರ ಒಬ್ಬ ಸದಸ್ಯನಿಗೆ ಒಂದೇ ಓಟು ಕಣ್ರೀ! ಇದನ್ನ ನಾನು ಮೇಲಿನವರಿಗೆ ಏನಂತ ಬರೀಲಿ? ನನ್ನ ಕೆಲಸ ಹೋಗುತ್ತೆ!"

"ನೀವು ಒಸಿ ಕಾಫಿ ಕುಡೀರಿ ಸಾ. ಮೊದ್ಲು ನಾವ್ ನಮ್ಮಲ್ಲೇ ಫ್ಯಾಟ್ ನೋಡ್ಕೋತೀವಿ. ಆಮೇಲೆ ನಿಮ್ ಲೆಕ್ಕಕ್ಕೆ ಎಲ್ರೂ ಒಂದೇ ಕಡೆ ಕೈ ಎತ್ಬುಡ್ತೀವಿ," ಎಂದ ತಿಮ್ಮಯ್ಯ. ಕಾಫಿ ಎಮ್ಮೆ ಹಾಲಿನದು. ಒಂದು ಗುಟುಕಿಗೆ ಅಧಿಕಾರಿ ಸುಮ್ಮನಾದರು.

ಅಶ್ವಥ್ ಮಿಷನ್ನನ್ನು ಕಟ್ಟೆಯ ಮೇಲಿಟ್ಟು ಪುಸ್ತಕ ತೆಗೆದ. ಗಂಡಸರೆಲ್ಲ ಮುಂದೆ ಬಂದು ಸಾಲಾಗಿ ನಿಂತರು.

"ನೀವ್ಯಾಕೆ ನಿಂತ್ರಿ?" ಎಂದ ಅಶ್ವಥ್. "ದಿನಾ ಹಾಲು ತಂದು ಹಾಕೋರು ಬನ್ನಿ."

ಗಂಡಸರು ಹಿಂದಕ್ಕೆ ನೋಡಿದರು. ಹಿಂದೆ ಕ್ಯಾನು ಹಿಡಿದು ಅರವತ್ತೆಂಟು ಹೆಂಗಸರು ನಿಂತಿದ್ದರು. ಹೆಂಡತಿ ತವರಿಗೆ ಹೋದ ಇಬ್ಬರನ್ನು ಬಿಟ್ಟರೆ ಹೊಂಗೆದೊಡ್ಡಿಯ ಒಬ್ಬ ಗಂಡಸೂ ಡೈರಿಗೆ ಹಾಲು ಹಾಕಿದವನಲ್ಲ. ಇದು ಎಲ್ಲರಿಗೂ ಗೊತ್ತಿದ್ದ ವಿಷಯವೇ. ಆದರೂ ಆ ಘಳಿಗೆಯಲ್ಲಿ ಊರಿನ ಅಷ್ಟೂ ಯಜಮಾನರು ಈಗಷ್ಟೇ ಕೇಳಿದವರ ಹಾಗೆ ತಬ್ಬಿಬ್ಬಾದರು. ಕೆಂಪರಾಜು ಮಾತ್ರ ತನ್ನ ಕ್ಯಾನು ಹಿಡಿದಿರುವವಳು ಅಂಬುಜಮ್ಮ ಎಂಬುದು ನೆನಪಾಗಿ ಮೀಸೆ ತಿರುವಿಕೊಂಡ. ಯಾರ ಮಂಡಿಗಾಗಿ ಇಷ್ಟೆಲ್ಲ ನಡೆದಿತ್ತೋ ಅವಳ ಕೈಗೇ ಓಟು ಬಂದಿತ್ತು!

ಮೊದಲು ಬಂದವಳು ತಿಮ್ಮಯ್ಯನ ಹೆಂಡತಿ ಚಿನ್ನಮ್ಮ. ಮಿಷನ್ನು ಗುಂಯ್ ಎಂದಿತು. ಅಶ್ವಥ್ ಸಂಖ್ಯೆ ನೋಡಿ, ಅಧ್ಯಕ್ಷನ ಮುಖ ನೋಡಿ, ಮೆಲ್ಲಗೆ ಓದಿದ: "ಎರಡೂ ಮುಕ್ಕಾಲು."

"ಇವತ್ತೊಂದಿನ ನೀರು ಬ್ಯಾಡ ಅಂತ ಹೇಳ್ನಿಲ್ವೇನಮ್ಮಿ!" ಎಂದು ತಿಮ್ಮಯ್ಯ ಕಿರುಚಿದ.

"ಇಪ್ಪತ್ತೊರ್ಷದಿಂದ ನೀವೇ ಹೇಳಿದ್ದು, ಕ್ಯಾನು ತೊಳೆದ ನೀರು ಚೆಲ್ಬ್ಯಾಡ ಅಂತ. ಕೈ ತಂತಾನೇ ಹುಯ್ದುಬುಡ್ತು," ಎಂದಳು ಚಿನ್ನಮ್ಮ.

ಊರು ಒಮ್ಮೆಗೇ ಉಸಿರು ಬಿಟ್ಟಿತು. ಅಧಿಕಾರಿ ಕಾಫಿ ಲೋಟವನ್ನು ಕೆಳಗಿಟ್ಟು ಆಕಾಶ ನೋಡಿದರು. ಅಂತೂ ಒಬ್ಬೊಬ್ಬರ ಫ್ಯಾಟೂ ಓಟೂ ಬೀಳುತ್ತ ಹೋಯಿತು. ಎಮ್ಮೆ ತಂದವರಲ್ಲಿ ಹೆಚ್ಚಿನವರು ಕೆಳಬೀದಿಯವರು, ಆದ್ದರಿಂದ ಅಂತರ ಕರಗುತ್ತ ಬಂತು. ಖತೀಜಾಬಿ ಏಳು ಓಟನ್ನು ಹಿಡಿದು ಬಂದಳು.

"ಮೇಲ್ಬೀದಿ," ಎಂದಳು.

"ಖತೀಜಮ್ಮಾ! ನಿಮ್ಮನೆ ಇರೋದು ಕೆಳಬೀದೀಲಿ!" ಕೆಂಪರಾಜು ಕೂಗಿದ. "ನನ್ ಹಿಂಡಿ ತಿಂದೈತೆ ಆ ಎಮ್ಮೆ!"

"ಎಮ್ಮೆ ತಿಂದೈತೆ ಅಣ್ಣಾ, ನಾನು ತಿಂದಿಲ್ಲ," ಎಂದು ಅವಳು ಪಕ್ಕಕ್ಕೆ ಸರಿದಳು.

ಕೊನೆಗೆ ಉಳಿದವಳು ಅಂಬುಜಮ್ಮ. ಅಶ್ವಥ್ ಎದ್ದು ನಿಂತು ಓದಿದ: "ಮೇಲ್ಬೀದಿಗೆ ನೂರಾ ಇಪ್ಪತ್ತಾರೂವರೆ. ಕೆಳಬೀದಿಗೆ ನೂರಾ ಇಪ್ಪತ್ತೆರಡು. ಅಂಬುಜಕ್ಕನ ಫ್ಯಾಟು ಏಳೂವರೆ."

ಲೆಕ್ಕ ಎಲ್ಲರಿಗೂ ತಿಳಿಯಿತು. ತಿಮ್ಮಯ್ಯ ಟವೆಲಿನಿಂದ ಮುಖ ಮುಚ್ಚಿಕೊಂಡ. ಕೆಂಪರಾಜು ಕಟ್ಟೆ ಹತ್ತಿ ಎರಡೂ ಕೈ ಎತ್ತಿ ಊರಿಗೆ ನಮಸ್ಕರಿಸಿದ. ಹಾರವನ್ನು ಈ ಸಲ ಅವನೇ ಮನೆಯಿಂದ ತಂದಿದ್ದ.

"ಮೇಲ್ಬೀದಿ," ಎಂದಳು ಅಂಬುಜಮ್ಮ.

ಗೆದ್ದ ತಿಮ್ಮಯ್ಯನೇ ಹೌಹಾರಿ, "ತಾಯೀ, ಇನ್ನೊಂದ್ಸಲ ಯೋಚ್ನೆ ಮಾಡಿ ಹೇಳವ್ವ," ಎಂದ.

"ಅಂಬುಜೀ!" ಕೆಂಪರಾಜು ಹಾರ ಹಿಡಿದೇ ಕಟ್ಟೆಯಿಂದ ಇಳಿದು ಬಂದ. "ನಿನ್ ಮಂಡಿಗೋಸ್ಕರ ಜಮೀನು ಕೊಡಕ್ಕೊಂಟೆ. ದೇವ್ರ ಕೈಲಿ ಜಗಳ ಆಡ್ದೆ. ಸೀರೆ ಉಟ್ಕಂಡು ಒದೆ ತಿಂದೆ. ಡೈರಿ ಹತ್ರಕ್ಕೆ ಬರೋದ್ ಬ್ಯಾಡ್ವಾ ನಿಂಗೆ?"

ಅಂಬುಜಮ್ಮ ಕ್ಯಾನನ್ನು ಅವನ ಕಾಲಬುಡದಲ್ಲಿ ಇಟ್ಟಳು.

"ನಾನೇನಂದೆ ನಿಮ್ಗೆ? ಈ ಕ್ಯಾನು ಹೊರಕ್ಕಾಗಕಿಲ್ಲ ಅಂದೆ. ಡೈರಿ ಹೊತ್ಕಂಡು ಬನ್ನಿ ಅಂದ್ನಾ? ಬೆಳಗೊಂದು ಸಂಜೆಗೊಂದು, ಅರ್ಧರ್ಧ ಗಂಟೆ ಆ ಏರಲ್ಲಿ ಖತೀಜಮ್ಮನ ಜೊತೆ ನಾಕು ಮಾತಾಡ್ಕಂಡು ಬತ್ತೀನಿ. ಇಡೀ ದಿನದಲ್ಲಿ ನಂದು ಅಂತ ಇರೋದು ಅದೊಂದೇಯ. ಡೈರೀನೂ ಹಿತ್ತಲಿಗೆ ತಂದು ಕಟ್ಬುಟ್ರೆ ನಾನು ಹೊರಗೆ ಬರೋದ್ ಯಾವಾಗ? ಭಾರ ಆಗಿರೋದು ಕ್ಯಾನು. ಮನೇಲಿ ಗಟ್ಟಿಮುಟ್ಟಾಗಿರೋ ಗಂಡಸೊಬ್ಬ ಕೂತು ಪೇಪರ್ ಓದ್ತಾ ಅವ್ನೆ. ಅವ್ನಿಗೆ ಇದು ಅರ್ಥ ಆಯ್ತದಾ ಅಂತ ಮೂರು ವಾರದಿಂದ ನೋಡ್ತಾ ಇವ್ನಿ. ಅವ್ನು ಎಮ್ಮೆ ತಂದ!"

ಕೆಂಪರಾಜು ಕ್ಯಾನನ್ನು ನೋಡಿದ. ಇಪ್ಪತ್ತೇಳು ವರ್ಷ ಆ ಕ್ಯಾನು ಅವನ ಮನೆಯಲ್ಲೇ ಇತ್ತು. ಅದನ್ನು ಎತ್ತಬಹುದೆಂಬ ಆಲೋಚನೆ ವಯಸ್ಸು, ಚೀಟಿ, ಹೂವು, ಫ್ಯಾಟುಗಳ ನಡುವೆ ಒಮ್ಮೆಯೂ ಬಂದಿರಲಿಲ್ಲ. ಅವನಿಗೆ ನಿಜವಾಗಿ ನಾಚಿಕೆಯಾಯಿತು.

"ಈಗ ನನ್ನ ಲೆಕ್ಕಕ್ಕೆ ಸದಸ್ಯರು ಕೈ ಎತ್ತಿ," ಎಂದರು ಅಧಿಕಾರಿ ಅವಸರದಿಂದ. "ಮೇಲ್ಬೀದಿಗೆ ಎಷ್ಟು?" ಸದಸ್ಯತ್ವ ಕೆಂಪರಾಜುವಿನ ಹೆಸರಿನಲ್ಲಿತ್ತು. ಅವನು ಅಂಬುಜಮ್ಮನ ಮುಖ ನೋಡಿ, ಎಲ್ಲರಿಗಿಂತ ಮೊದಲು ಕೈ ಎತ್ತಿದ.

ಬುಧವಾರ ಬೆಳಿಗ್ಗೆ ಆರೂಕಾಲಿಗೆ ಊರು ಹಿಂದೆಂದೂ ಕಾಣದ್ದನ್ನು ಕಂಡಿತು. ಮುಂದೆ ಅಂಬುಜಮ್ಮ, ಖತೀಜಾಬಿ ಕೈ ಬೀಸಿಕೊಂಡು ಮಾತಾಡುತ್ತ ಏರು ಹತ್ತುತ್ತಿದ್ದರು. ಹಿಂದೆ ಎಡಗೈಯಲ್ಲಿ ತನ್ನ ಕ್ಯಾನು, ಬಲಗೈಯಲ್ಲಿ ಖತೀಜಾಬಿಯ ಕ್ಯಾನು ಹಿಡಿದು ಕೆಂಪರಾಜು ಬೆವರುತ್ತಿದ್ದ. ಬಾಗಿಲಲ್ಲಿ ಹಲ್ಲುಜ್ಜುತ್ತಿದ್ದ ಮುನಿರಾಮಯ್ಯ ಇದನ್ನು ನೋಡಿ ಪೇಸ್ಟು ನುಂಗಿದ.

ಅರ್ಧ ಏರಿಗೆ ಕೆಂಪರಾಜು ನಿಂತ. "ಒಸಿ ನಿಲ್ರಮ್ಮೀ, ಕೈ ಬಿದ್ದೋಯ್ತಾ ಐತೆ. ಎಳ್ಡು ನಿಮಿಷ ಕೂರಾನ."

ಹೆಂಗಸರಿಬ್ಬರೂ ತಿರುಗಿದರು. ಅಂಬುಜಮ್ಮನ ಮುಖದಲ್ಲಿ ಎಷ್ಟೋ ವರ್ಷದ ಮೇಲೆ ತುಂಟತನ ಕಂಡಿತು.

"ಖತೀಜಮ್ಮಾ, ಕೂರಾನಾ ನಡೆಯಾನಾ?"

"ಕೈ ಎತ್ತೋಣ ಅಕ್ಕಾ. ನಡೆಯೋಣ ಅನ್ನೋರು?"

ಎರಡು ಕೈ ಮೇಲೆದ್ದವು.

"ಕೂರೋಣ ಅನ್ನೋರು?"

ಕೆಂಪರಾಜು ಎಡಗೈ ನೋಡಿದ, ಬಲಗೈ ನೋಡಿದ. ಎರಡರಲ್ಲೂ ಹಾಲು ತುಂಬಿದ ಕ್ಯಾನಿತ್ತು, ಏರಿನಲ್ಲಿ ಕೆಳಗಿಟ್ಟರೆ ಉರುಳಿಹೋಗುತ್ತದೆ. ಅವನ ಕಡೆಗೆ ಒಂದು ಓಟೂ ಬೀಳಲಿಲ್ಲ.

"ಮೆಜಾರಿಟಿ ನಡೆಯೋದಕ್ಕಾಯ್ತು," ಎಂದಳು ಅಂಬುಜಮ್ಮ. ಕೆಂಪರಾಜು ನಡೆದ.